ಮಡಿಕೇರಿ ಕಡೆ ರೆಸಾರ್ಟ್‌ನಲ್ಲಿ ಉಪ್ಪಿನ ಕೋಣೆ: ಅತ್ತೆಯ ಉಬ್ಬಸಕ್ಕೆ ಕರ್ಕೊಂಡು ಹೋಗ್ಬಹುದಾ?

ಸುಂಟಿಕೊಪ್ಪ_ಸೊಸೆ
ಎಲ್ರಿಗೂ ನಮಸ್ಕಾರ. ಉಪ್ಪಿನ ಕೋಣೆ, ಅದೇ ಸಾಲ್ಟ್ ರೂಮ್ ಅಂತಾರಲ್ಲ, ಅದರೊಳಗೆ ಕೂತು ಬಂದವರು ಯಾರಾದ್ರೂ ಇದ್ದೀರಾ? ಮಡಿಕೇರಿ ಕಡೆ ಒಂದು ರೆಸಾರ್ಟ್‌ನವರು ಹೊಸದಾಗಿ ಶುರು ಮಾಡಿದ್ದಾರೆ. ಗೋಡೆಗೆಲ್ಲ ಗುಲಾಬಿ ಬಣ್ಣದ ಉಪ್ಪಿನ ಇಟ್ಟಿಗೆ, ಅದರ ಹಿಂದೆ ಲೈಟು, ನೆಲದ ತುಂಬ ಕಲ್ಲುಪ್ಪು, ಒರಗಿ ಕೂರೋ ಕುರ್ಚಿ. ಮುಕ್ಕಾಲು ಗಂಟೆಗೆ ಒಬ್ಬರಿಗೆ 1500 ರೂಪಾಯಿ. ಬೆಂಗಳೂರಿನ ನಾದಿನಿ ವಿಡಿಯೋ ಕಳಿಸಿ, "ಅಮ್ಮನ್ನ ಕರ್ಕೊಂಡು ಹೋಗಿ, ಹತ್ತು ಸಲ ಕೂತ್ರೆ ಉಬ್ಬಸ ಬುಡಸಮೇತ ಹೋಗುತ್ತಂತೆ" ಅಂತ ಹಠ ಹಿಡಿದಿದ್ದಾರೆ.

ಅತ್ತೆಗೆ 68. ಮಳೆ ಹಿಡಿದ್ರೆ ಸಾಕು, ರಾತ್ರಿ ಎದೆ ಕುಯ್ ಕುಯ್ ಅನ್ನುತ್ತೆ. ಡಾಕ್ಟ್ರು ಕೊಟ್ಟ ಇನ್‌ಹೇಲರ್ ದಿಂಬಿನ ಪಕ್ಕ ಇರಲ್ಲ, ಬೀರು ಒಳಗೆ ಸೀರೆ ಕೆಳಗೆ ಇರುತ್ತೆ. "ಅದು ಚಟ ಆಗ್ಬಿಡುತ್ತೆ" ಅಂತ. ಉಪ್ಪಿನ ಕೋಣೆ ಅಂದ ಕೂಡ್ಲೇ ಮಾತ್ರ ಮುಖ ಅರಳಿದೆ. ನನಗೂ ಒಂದು ಗಂಟೆ ಯಾರೂ ಕರೀದೇ ಇರೋ ಜಾಗದಲ್ಲಿ ಕೂರೋ ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ. ದುಡ್ಡು ಕೊಡಬೇಕಾದವರು ನಮ್ಮನೆಯವರು. ಅವರು "ಅಷ್ಟು ದುಡ್ಡಿಗೆ ಒಂದು ಮೂಟೆ ಉಪ್ಪೇ ತರಬಹುದು" ಅಂತ ಗೊಣಗ್ತಿದ್ದಾರೆ. ಗೊತ್ತಿರೋರು ಹೇಳಿ.

ತೋಟದ_ಜಿಗಣೆ
ಆ ಕೋಣೆಗೆ ನಾನೊಬ್ಬ ಹೋಗೋ ಹಾಗಿಲ್ಲ. ಬಾಕಿ ಎಲ್ರೂ ಹೋಗಿ.

ಬೆಂಗ್ಳೂರು_ವಾಪಸಿ
ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಹೋಗಿದ್ದುಂಟು. ಚಪ್ಪಲಿ ಬಿಚ್ಚಿಸಿ ಕಾಲಿಗೂ ತಲೆಗೂ ಬಟ್ಟೆ ಕವರ್ ಹಾಕಿಸ್ತಾರೆ. ಮೊಬೈಲ್ ಹೊರಗೆ ಇಡಬೇಕು, ಚಾರ್ಜಿಂಗ್ ತೂತಿಗೆ ಉಪ್ಪು ಹೋದ್ರೆ ಅವರು ಜವಾಬ್ದಾರರಲ್ಲ ಅಂತ ಬೋರ್ಡ್ ಬೇರೆ. ಬಾಗಿಲು ಹಾಕಿದ ಮೇಲೆ ಗೋಡೆಯ ಒಂದು ಕಿಂಡಿಯಿಂದ ಸಣ್ಣಗೆ ಗುರ್ ಅಂತ ಸದ್ದು ಶುರುವಾಗುತ್ತೆ. ಲೈಟಿನ ಎದುರು ದಿಟ್ಟಿಸಿ ನೋಡಿದ್ರೆ ಪುಡಿ ತೇಲೋದು ಕಾಣುತ್ತೆ. ಸ್ವಲ್ಪ ಹೊತ್ತಿಗೆ ತುಟಿ ನೆಕ್ಕಿದ್ರೆ ಉಪ್ಪುಪ್ಪು. ಹೊರಗೆ ಬಂದಾಗ ಕಪ್ಪು ಪ್ಯಾಂಟಿನ ಮಡಿಕೆಯಲ್ಲೆಲ್ಲ ಬಿಳೀ ಪುಡಿ.

ಮೂಗು ಬಿಟ್ಟ ಹಾಗೆ ಅನ್ನಿಸ್ತಿತ್ತು, ಆ ರಾತ್ರಿ ನಿದ್ದೆ ಚೆನ್ನಾಗಿ ಬರ್ತಿತ್ತು. ಧೂಳಿನ ಅಲರ್ಜಿ ಹೋಯ್ತಾ ಅಂದ್ರೆ, ಊರಿಗೆ ಬಂದು ಕಾಫಿ ಗೋಡೌನ್ ಬಾಗಿಲು ತೆಗೆದ ದಿನವೇ ಸೀನು ವಾಪಸ್.

ಎಸಿ_ರಿಪೇರಿ_ಕುಶಾಲನಗರ
ಅಕ್ಕ, ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಹ್ಯಾಲೋಜನರೇಟರ್ ಇದೆಯಾ?

ಈ ಕೋಣೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಈ ಹ್ಯಾಲೋಜನರೇಟರ್ ಅನ್ನೋ ಮೆಷಿನ್ ಇರುತ್ತೆ. ಅಯೋಡಿನ್ ಹಾಕದ ಶುದ್ಧ ಸೋಡಿಯಂ ಕ್ಲೋರೈಡನ್ನ ಅದು ನುಣ್ಣಗೆ ಅರೆದು, ಫ್ಯಾನಿನಿಂದ ಕೋಣೆಗೆ ಊದುತ್ತೆ. ಕಣ 1ರಿಂದ 5 ಮೈಕ್ರಾನ್ ಇದ್ರೆ ಮಾತ್ರ ಶ್ವಾಸಕೋಶದ ಒಳಗಿನವರೆಗೆ ಹೋಗೋದು, ದಪ್ಪ ಇದ್ರೆ ಮೂಗು ಗಂಟಲಲ್ಲೇ ನಿಂತುಬಿಡುತ್ತೆ. ಮೇಲೆ ವಾಪಸಿಯವರು ಹೇಳಿದ ಗುರ್ ಸದ್ದು ಅದೇ. ಇನ್ನೊಂದು ಜಾತಿಯಲ್ಲಿ ಮೆಷಿನ್ ಇಲ್ಲ, ಬರೀ ಇಟ್ಟಿಗೆ ಮತ್ತು ಲೈಟು. ಅದು ಇಂಟೀರಿಯರ್ ಡೆಕೊರೇಷನ್.

ಇನ್ನೊಂದು ವಿಷಯ ಇದೆ, ಅದು ನಮ್ಮ ಜಿಲ್ಲೆಗೇ ಸೀಮಿತ. ಗಾಳಿಯಲ್ಲಿ ತೇವ ಶೇಕಡಾ 75 ದಾಟಿದ್ರೆ ಉಪ್ಪು ತಾನಾಗೇ ನೀರು ಎಳ್ಕೊಂಡು ಕರಗೋಕೆ ಶುರು ಮಾಡುತ್ತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 90ರ ಕೆಳಗೆ ಇಳಿಯೋದೇ ಅಪರೂಪ. ಅಡುಗೆಮನೆ ಉಪ್ಪಿನ ಭರಣಿ ನೋಡಿದ್ರೆ ಗೊತ್ತಾಗಲ್ವಾ? ಆ ಕೋಣೆ ಒಣಗಿರಬೇಕು ಅಂದ್ರೆ ಡಿಹ್ಯುಮಿಡಿಫೈಯರ್ ಹಗಲೂ ರಾತ್ರಿ ಓಡ್ತಾ ಇರಬೇಕು. ಗಾಳಿಗೆ ಸಿಲ್ವರ್ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದ್ರೆ, ಜನರೇಟರ್ ಡೀಸೆಲ್ ಉಳಿಸೋಕೆ ಮೊದಲು ಆಫ್ ಮಾಡೋದೇ ಅದನ್ನ. ಅಂಥ ಒಂದು ಕೋಣೆಯ ಎಸಿ ನೋಡೋಕೆ ನನ್ನ ಕರೆಸಿದ್ರು (ಯಾವ ಊರು, ಯಾವ ಜಾಗ ಅಂತ ಕೇಳ್ಬೇಡಿ, ಹೊಟ್ಟೆಪಾಡು). ಕೆಳಗಿನ ಸಾಲಿನ ಇಟ್ಟಿಗೆಗಳ ಮೂಲೆ ಎಲ್ಲ ಸವೆದು ದುಂಡಗಾಗಿತ್ತು. ನೆಲದ ಕಲ್ಲುಪ್ಪು ಗಟ್ಟಿಯಾಗಿ ಹೆಪ್ಪುಗಟ್ಟಿ, ಅದರ ಮೇಲೆ ಹೆಜ್ಜೆ ಗುರುತು. ಎಸಿ ಕಾಯಿಲ್ ಮುಟ್ಟಿದ್ರೆ ಪುಡಿ ಪುಡಿ ಉದುರ್ತಿತ್ತು. ಸ್ಕ್ರೂ ತಲೆಗಳು ತುಕ್ಕು ಹಿಡಿದು, ಡ್ರೈವರ್ ಇಟ್ಟು ತಿರುಗಿಸಿದ್ರೆ ಕೈಗೇ ಬಂದ್ವು.

ತೋಟದ_ಜಿಗಣೆ
ಮಳೆಗಾಲದಲ್ಲಿ ಕೊಡಗಲ್ಲಿ ಉಪ್ಪಿನ ಕೋಣೆ ಕಟ್ಟಿದವನ ಧೈರ್ಯಕ್ಕೆ ಒಂದು ನಮಸ್ಕಾರ.

ಸುಂಟಿಕೊಪ್ಪ_ಸೊಸೆ
ಫೋನ್ ಮಾಡಿದೆ ಅಣ್ಣ. ಆ ಹುಡುಗಿ ಹೇಳಿದ್ದು: "ಮೆಷಿನ್ ಎಲ್ಲ ಏನೂ ಬೇಡ ಮೇಡಂ, ನಮ್ಮದು ಪೂರ್ತಿ ನ್ಯಾಚುರಲ್. ಹಿಮಾಲಯದ ಉಪ್ಪು ತಾನಾಗೇ ನೆಗೆಟಿವ್ ಅಯಾನ್ ಬಿಡುತ್ತೆ." ಹತ್ತು ಸಲದ್ದು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತೆ.

ಲೆಕ್ಕದ_ಮೇಷ್ಟ್ರು
ಉಪ್ಪು ಕರಗೋಕೆ, ನೀರಲ್ಲಿ ಅಲ್ಲ, ಬೆಂಕಿಯಲ್ಲಿ ಕರಗೋಕೆ 801 ಡಿಗ್ರಿ ಸೆಲ್ಸಿಯಸ್ ಬೇಕು. 25 ಡಿಗ್ರಿಯ ಕೋಣೆಯಲ್ಲಿ ಇಟ್ಟಿಗೆಯಿಂದ ಉಪ್ಪು ಎದ್ದು ಗಾಳಿಗೆ ಬರೋದಿಲ್ಲ. ಯಾರೋ ಅರೆಯಬೇಕು, ಊದಬೇಕು. ಹಿಂದೆ ಬಲ್ಬ್ ಹಾಕಿ ಬೆಚ್ಚಗೆ ಮಾಡಿದ್ರೂ ಅಷ್ಟೇ.

ಗುಲಾಬಿ ಬಣ್ಣ ಬರೋದು ಅದರಲ್ಲಿರೋ ಕಬ್ಬಿಣದ ಅಂಶದಿಂದ. ಇನ್ನು 'ಹಿಮಾಲಯದ್ದು' ಅಂತ ಮಾರೋ ಆ ಉಪ್ಪು ಬಹುಪಾಲು ತೆಗೆಯೋದು ಪಾಕಿಸ್ತಾನದ ಪಂಜಾಬಿನಲ್ಲಿರೋ ಖೇವ್ಡಾ ಗಣಿಯಲ್ಲಿ. ಹಿಮದ ಬೆಟ್ಟದ ಚಿತ್ರ ಪೊಟ್ಟಣದ ಮೇಲೆ ಮಾತ್ರ.

ಶಾಂತಿ_ಬೇಕು
ಎಲ್ಲದಕ್ಕೂ ಕೊಂಕು ತೆಗೆಯೋದೇ ಆಯ್ತು ನಿಮ್ಮದು. ನಮ್ಮಜ್ಜಿ ಗಂಟಲು ನೋವಿಗೆ ಉಪ್ಪುನೀರು ಮುಕ್ಕಳಿಸೋಕೆ ಹೇಳ್ತಿದ್ರು, ಮಂಡಿನೋವಿಗೆ ಕಲ್ಲುಪ್ಪು ಹುರಿದು ಬಟ್ಟೆ ಗಂಟು ಕಟ್ಟಿ ಶಾಖ ಕೊಡ್ತಿದ್ರು. ಆಗ ಯಾವ ಮೈಕ್ರಾನ್ ಲೆಕ್ಕ ಇತ್ತು? ನಾನು ನಮ್ಮನೆಯವರ ಜೊತೆ ಹೋಗಿದ್ದೆ, ಅಷ್ಟು ಹಾಯಾಗಿ ನಾವಿಬ್ರೂ ಸುಮ್ನೆ ಕೂತು ಎಷ್ಟು ಕಾಲ ಆಗಿತ್ತೋ. ಒಂದು ಮಾತಿಲ್ಲ, ಫೋನಿಲ್ಲ. ಮೆಷಿನ್ ಇತ್ತೋ ಇಲ್ವೋ ನೋಡಿಲ್ಲ, ನನಗೆ ಬೇಕಾಗೂ ಇರಲಿಲ್ಲ.

ಎಸಿ_ರಿಪೇರಿ_ಕುಶಾಲನಗರ
ಅಕ್ಕ, ಹಾಯಾಗಿತ್ತು ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ಹಾಯಾಗಿರೋಕೆ ಅಂತ ಬೋರ್ಡ್ ಹಾಕಿ ದುಡ್ಡು ತಗೊಳ್ಳಲಿ. "ಉಬ್ಬಸ ಬುಡಸಮೇತ" ಅಂತ ಯಾಕೆ ಹೇಳ್ಬೇಕು?

ಹಳೇ_ಪೇಪರ್
ಇದು ಮೊನ್ನೆ ಮೊನ್ನೆ ಹುಟ್ಟಿದ ಶೋಕಿ ಅಲ್ಲ. ಪೋಲೆಂಡಿನ ಕ್ರಾಕೋವ್ ಹತ್ತಿರ ವಿಯೆಲಿಚ್ಕಾ ಅಂತ ಉಪ್ಪಿನ ಗಣಿ ಇದೆ, 1978ರಲ್ಲಿ ಯುನೆಸ್ಕೋದ ಮೊದಲ ಪಟ್ಟಿಯಲ್ಲೇ ಸೇರಿದ್ದು. ಅಲ್ಲಿನ ಗಣಿ ವೈದ್ಯ ಫೆಲಿಕ್ಸ್ ಬೊಚ್ಕೊವ್‌ಸ್ಕಿ ಅನ್ನೋರು 1840ರ ಸುಮಾರಿಗೆ, ಉಪ್ಪು ಕಡಿಯೋ ಕೂಲಿಗಳಿಗೆ ಎದೆ ಕಾಯಿಲೆ ಕಡಿಮೆ ಅಂತ ಗಮನಿಸಿ ಉಪ್ಪಿನ ಚಿಕಿತ್ಸೆ ಶುರು ಮಾಡಿದ್ರು. ಇವತ್ತಿಗೂ ಅಲ್ಲಿ ನೆಲದಿಂದ 135 ಮೀಟರ್ ಕೆಳಗೆ ಉಸಿರಾಟದ ರೋಗಿಗಳನ್ನ ಇಳಿಸಿ ವ್ಯಾಯಾಮ ಮಾಡಿಸ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎನ್ನೆಪೆಟಾಲ್ ಊರಿನ ಜನ ಬಾಂಬಿಗೆ ಹೆದರಿ ಕ್ಲುಟರ್ಟ್ ಗುಹೆಯಲ್ಲಿ ಅಡಗಿದ್ರು. ಉಬ್ಬಸ ಇದ್ದವರಿಗೆ ಅಲ್ಲಿ ಆರಾಮ ಅನ್ನಿಸಿದ್ದನ್ನ ಸ್ಪಾನಾಗೆಲ್ ಅನ್ನೋ ಡಾಕ್ಟರ್ ದಾಖಲಿಸಿದ್ರು. ಆಮೇಲೆ ಎಲ್ರೂ ಗಣಿಗೆ ಇಳಿಯೋಕೆ ಆಗಲ್ಲ ಅಂತ ಸೋವಿಯತ್ ದೇಶದವರು 1980ರ ದಶಕದಲ್ಲಿ ನೆಲದ ಮೇಲೇ ಕೋಣೆ ಕಟ್ಟಿ ಮೆಷಿನ್ ಇಟ್ರು. ನಮ್ಮ ರೆಸಾರ್ಟ್‌ನವರು ಅದರಲ್ಲಿ ಕೋಣೆ ಇಟ್ಕೊಂಡು ಮೆಷಿನ್ ಬಿಟ್ರು, ಅಷ್ಟೇ.

ಲೆಕ್ಕದ_ಮೇಷ್ಟ್ರು
ಪೇಪರ್ ಸಾರ್, ಕ್ಲುಟರ್ಟ್ ಉಪ್ಪಿನ ಗುಹೆಯೇ ಅಲ್ಲ, ಸುಣ್ಣಕಲ್ಲಿನದು! ಅಲ್ಲಿ ಆರಾಮ ಸಿಕ್ಕಿದ್ರೆ ಅದು ಉಪ್ಪಿನಿಂದ ಅಲ್ಲ. ಧೂಳಿಲ್ಲ, ಹೂವಿನ ಪರಾಗ ಇಲ್ಲ, ಹೊಗೆ ಇಲ್ಲ, ವರ್ಷವಿಡೀ ಒಂದೇ ಹವೆ. ಗಣಿಯ ಕಥೆಯಲ್ಲೂ ಒಂದು ತೊಡಕು: ಎದೆ ಕಾಯಿಲೆ ಬಂದ ಕೂಲಿ ಗಣಿ ಕೆಲಸದಲ್ಲಿ ಉಳೀತಾನಾ? ಬಿಟ್ಟು ಹೋಗ್ತಾನೆ. ಒಳಗೆ ಉಳಿದವರನ್ನಷ್ಟೇ ಎಣಿಸಿದ್ರೆ ಎಲ್ರೂ ಗಟ್ಟಿಮುಟ್ಟೇ.

ಹಳೇ_ಪೇಪರ್
ಸುಣ್ಣಕಲ್ಲು ಸರಿ. ನಾನು ಉಪ್ಪಿನ ಗುಹೆ ಅಂತ ಎಲ್ಲಿ ಬರೆದಿದ್ದೀನಿ, ಮೇಲೆ ಓದಿ. ಕೂಲಿಗಳ ಮಾತು ಒಪ್ತೀನಿ.

ನೈಟ್‌ಡ್ಯೂಟಿ_ಸಿಸ್ಟರ್
ಎದೆ ರೋಗದ ವಾರ್ಡಲ್ಲಿ ಕೆಲಸ ಮಾಡ್ತೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಉಪ್ಪಿಗೆ ಔಷಧ ಗುಣವೇ ಇಲ್ಲ ಅಂತ ಹೇಳೋಕಾಗಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಒಂದು ಕಾಯಿಲೆ, ಕಫ ಅಂಟಂಟಾಗಿ ಶ್ವಾಸಕೋಶ ಕಟ್ಟುತ್ತೆ. ಆಸ್ಟ್ರೇಲಿಯಾದಲ್ಲಿ ಸಮುದ್ರದ ಅಲೆ ಮೇಲೆ ಆಡೋ ರೋಗಿಗಳು ಬೇರೆಯವರಿಗಿಂತ ಚೆನ್ನಾಗಿರ್ತಾರೆ ಅಂತ ಗಮನಿಸಿ, ಶೇಕಡಾ 7ರ ಉಪ್ಪುನೀರನ್ನ ನೆಬ್ಯುಲೈಜರಲ್ಲಿ ಕೊಟ್ಟು ನೋಡಿದ್ರು. 2006ರಲ್ಲಿ ಅದರ ಫಲಿತಾಂಶ ಬಂತು, ಈಗ ಅದು ಪಕ್ಕಾ ಚಿಕಿತ್ಸೆ. ಉಪ್ಪು ತನ್ನ ಕಡೆ ನೀರು ಎಳ್ಕೊಂಡು ಕಫ ಸಡಿಲ ಮಾಡುತ್ತೆ, ಅದೇ ಗುಟ್ಟು. ಆದ್ರೆ ಅಲ್ಲಿ ಎಷ್ಟು ಉಪ್ಪು, ಎಷ್ಟು ಹೊತ್ತು ಅನ್ನೋದೆಲ್ಲ ಅಳತೆ. ಮತ್ತೆ ಕೊಡೋ ಮುಂಚೆ ಶ್ವಾಸನಾಳ ಹಿಗ್ಗಿಸೋ ಔಷಧಿ ಕೊಟ್ಟಿರ್ತೀವಿ. ಯಾಕೆ ಗೊತ್ತಾ? ಗಟ್ಟಿ ಉಪ್ಪುನೀರಿನ ಹಬೆ ಉಬ್ಬಸದವರ ಶ್ವಾಸನಾಳವನ್ನ ಬಿಗಿ ಮಾಡಬಹುದು. ಉಬ್ಬಸ ಇದೆಯಾ ಅಂತ ಪತ್ತೆ ಹಚ್ಚೋಕೇ ಶೇಕಡಾ 4.5ರ ಉಪ್ಪುನೀರು ಉಸಿರಾಡಿಸೋ ಒಂದು ಪರೀಕ್ಷೆ ಇದೆ. ಹಾಗಾಗಿ ಮೆಷಿನ್ ಇಲ್ಲದ ಕೋಣೆ ದುಡ್ಡಿಗೆ ದಂಡ, ಮೆಷಿನ್ ಇದ್ದ ಕೋಣೆಗೆ ಜೇಬಲ್ಲಿ ಇನ್‌ಹೇಲರ್ ಇಲ್ಲದೆ ಹೋಗಬಾರದು.

ಗುಹೆ ಚಿಕಿತ್ಸೆಯಿಂದ ಉಬ್ಬಸ ವಾಸಿಯಾಗುತ್ತಾ ಅಂತ ಕಾಕ್ರೇನ್‌ನವರು (ವೈದ್ಯಕೀಯ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ತೂಗಿ ನೋಡೋ ಸಂಸ್ಥೆ) 2001ರಲ್ಲಿ ಇದ್ದಬದ್ದ ಪ್ರಯೋಗಗಳನ್ನೆಲ್ಲ ಜಾಲಾಡಿದ್ರು. ಲೆಕ್ಕಕ್ಕೆ ಸಿಕ್ಕಿದ್ದು ಮೂರು, ಒಟ್ಟು 124 ಮಕ್ಕಳು. ಹೌದು ಅಂತ ಹೇಳೋಕೆ ಪುರಾವೆ ಸಾಲದು ಅಂತ ಬರೆದ್ರು.

ಇನ್ನು ನಿಮ್ಮತ್ತೆ ವಿಷಯ. ಇನ್‌ಹೇಲರ್ ಚಟ ಆಗಲ್ಲ. ಸಾಮಾನ್ಯವಾಗಿ ಎರಡು ಕೆಲಸ ಇರುತ್ತೆ: ಒಂದು ದಿನಾ ತಗೊಳ್ಳೋದು, ಶ್ವಾಸನಾಳದ ಊತ ಇಳಿಸೋಕೆ. ಇನ್ನೊಂದು ಉಸಿರು ಕಟ್ಟಿದಾಗ ಬಿಡಿಸೋಕೆ. ಅವರ ಬೀರುವಿನಲ್ಲಿರೋದು ಯಾವುದು, ಎಕ್ಸ್‌ಪೈರಿ ಯಾವಾಗ, ಮೊದಲು ಅದನ್ನ ನೋಡಿ. ಅದಕ್ಕಿಂತ ಮುಖ್ಯ: 68 ವರ್ಷಕ್ಕೆ ರಾತ್ರಿ ಹೊತ್ತೇ ಎದೆ ಕುಯ್ ಅನ್ನೋದು ಹೃದಯದ ತೊಂದರೆಯಿಂದಲೂ ಇರಬಹುದು. ಮಲಗಿದ್ರೆ ಜಾಸ್ತಿ, ಎದ್ದು ಕೂತ್ರೆ ಕಡಿಮೆ ಆಗುತ್ತಾ? ಕಾಲು ಊದಿಕೊಳ್ಳುತ್ತಾ? ಕೊಳವೆಗೆ ಊದಿಸೋ ಸ್ಪೈರೋಮೆಟ್ರಿ, ಒಂದು ಇಸಿಜಿ ಮಾಡಿಸಿ.

ಸುಂಟಿಕೊಪ್ಪ_ಸೊಸೆ
ಸಿಸ್ಟರ್, ಕಾಲು ಊದಲ್ಲ. ಎಕ್ಸ್‌ಪೈರಿ ನೋಡಿದೆ. ಕಳೆದ ವರ್ಷದ್ದು!! ಅತ್ತೆಗೆ ಹೇಳಿದ್ರೆ "ಅರ್ಧ ಇನ್ನೂ ಇದೆಯಲ್ಲ" ಅಂತಾರೆ.

ಕಕ್ಕಡ_ಪದಿನೆಟ್ಟ್
ನಮ್ಮ ಕಡೆ ಆಗಸ್ಟ್ 3ರ ಹೊತ್ತಿಗೆ ಮದ್ದ್ ಸೊಪ್ಪು ತಂದು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ, ಪುಟ್ಟು ಮಾಡಿ ತಿಂತೀವಲ್ಲ. 18 ಥರದ ಮದ್ದು ಸೇರಿರುತ್ತೆ ಅಂತ ನಂಬಿಕೆ. ಮಳೆಗಾಲಕ್ಕೆ ಮೈಗೆ ಬೇಕಾದ್ದು ಹಿತ್ತಲಲ್ಲೇ ಇರುವಾಗ ಪಾಕಿಸ್ತಾನದ ಉಪ್ಪು ಯಾಕೆ?

ತೋಟದ_ಜಿಗಣೆ
ಅದನ್ನ ತಿಂದ ಮಾರನೇ ದಿನ ಬಾತ್‌ರೂಮಲ್ಲಿ ಮೂತ್ರದ ಬಣ್ಣ ನೋಡಿ ಗಾಬರಿ ಆಗಿ ನಮ್ಮ ಮಂಗಳೂರು ಅಳಿಯ ಆಸ್ಪತ್ರೆಗೆ ಹೋಗೋಣ ಅಂದಿದ್ದ.

ಕಕ್ಕಡ_ಪದಿನೆಟ್ಟ್
ಹೊಸ ಅಳಿಯಂದಿರಿಗೆ ಮೊದಲೇ ಹೇಳಬಾರದು, ಅದೇ ಮಜಾ 😂

ಲೆಕ್ಕದ_ಮೇಷ್ಟ್ರು
ಅಕ್ಕ, ಮದ್ದ್ ಪಾಯಸಕ್ಕೆ ನನ್ನದೂ ಒಂದು ಬಟ್ಟಲು ಇರಲಿ. ಉಬ್ಬಸಕ್ಕೆ ಪುರಾವೆ ಅಂತ ಕೇಳಿದ್ರೆ ಉಪ್ಪಿನಷ್ಟೂ ಇಲ್ಲ.

ಕಕ್ಕಡ_ಪದಿನೆಟ್ಟ್
ನಿಮ್ಮನ್ನ ಊಟಕ್ಕೆ ಕರೆಯೋದು ಕಷ್ಟ ಮೇಷ್ಟ್ರೇ.

ಹಳೇ_ಪೇಪರ್
ಉಪ್ಪಿಗೂ ಕೊಡಗಿಗೂ ಹಳೇ ಲೆಕ್ಕಾಚಾರ ಇದೆ. ನಮಗೆ ಸಮುದ್ರ ಇಲ್ಲ, ಉಪ್ಪು ಘಟ್ಟದ ಕೆಳಗಿಂದಲೇ ಹತ್ತಿ ಬರಬೇಕಿತ್ತು. 1834ರಲ್ಲಿ ಕಂಪನಿಯವರು ಕೊಡಗನ್ನ ತಗೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಯನ್ನ ದಕ್ಷಿಣ ಕನ್ನಡಕ್ಕೆ ಸೇರಿಸಿದ್ರು. ರಾಜರ ಕಾಲದಲ್ಲಿ ಧಾನ್ಯದಲ್ಲಿ ಕೊಡ್ತಿದ್ದ ಕಂದಾಯವನ್ನ ರೊಕ್ಕದಲ್ಲೇ ಕೊಡಿ ಅಂದ್ರು. ಕರಾವಳಿಯ ಉಪ್ಪಿನ ವ್ಯಾಪಾರವಂತೂ ಅವರದೇ ಏಕಸ್ವಾಮ್ಯ. 1837ರ ದಂಗೆಗೆ ಮುಖ್ಯ ಕಾರಣ ಆ ರೊಕ್ಕದ ಕಂದಾಯ. ಆಮೇಲೆ 1930ರಲ್ಲಿ ಅಂಕೋಲಾದಲ್ಲಿ

ಅಡ್ಮಿನ್
ಸಾರ್, ಅಂಕೋಲಾಗೆ ಬೇರೆ ಚರ್ಚೆ ತೆರೀರಿ, ನಾನೇ ಮೊದಲು ಬಂದು ಓದ್ತೀನಿ. ಇಲ್ಲಿ ಉಬ್ಬಸ.

ಪಲ್ಪರ್_ಮನೆ
ಬಿಪಿ ಇರೋರು ಹೋಗಬಹುದಾ? ಉಪ್ಪು ಒಳಗೆ ಹೋಗುತ್ತಲ್ಲ.

ಲೆಕ್ಕದ_ಮೇಷ್ಟ್ರು
ಲೆಕ್ಕ ಹಾಕೋಣ. ಸುಮ್ನೆ ಕೂತ ಮನುಷ್ಯ ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳ್ಕೋತಾನೆ. 45 ನಿಮಿಷಕ್ಕೆ ಹೆಚ್ಚೆಂದರೆ 360 ಲೀಟರ್, ಅಂದ್ರೆ ಒಂದು ಘನಮೀಟರಿನ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಜಾಸ್ತಿ. ಒಂದು ಘನಮೀಟರ್ ಗಾಳಿಯಲ್ಲಿ 10 ಮಿಲಿಗ್ರಾಂ ಉಪ್ಪು ತೇಲ್ತಿದೆ ಅಂತ ಇಟ್ಕೊಳ್ಳಿ, ನಿಮಗೆ ಸಿಗೋದು 4 ಮಿಲಿಗ್ರಾಮಿನ ಒಳಗೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ತಿನ್ನಿ ಅನ್ನುತ್ತೆ. ಬಿಪಿಗೆ ಹೆದರೋದಾದ್ರೆ ಕಣಿಲೆ ಉಪ್ಪಿನಕಾಯಿಗೆ ಹೆದರಿ.

ನೈಟ್‌ಡ್ಯೂಟಿ_ಸಿಸ್ಟರ್
ಬಿಪಿಗೆ ಮೇಷ್ಟ್ರು ಹೇಳಿದ್ದು ಸರಿ. ಜ್ವರ, ಟಿಬಿ, ಕಫದಲ್ಲಿ ರಕ್ತ, ಇತ್ತೀಚೆಗೆ ಜೋರು ಉಬ್ಬಸ ಬಂದು ಆಸ್ಪತ್ರೆ ಸೇರಿದ್ದೋರು, ಇವರ್ಯಾರೂ ಹೋಗಬಾರದು. ಮುಚ್ಚಿದ ಕೋಣೆಯಲ್ಲಿ ಪಕ್ಕದ ಕುರ್ಚಿಯವರು ಕೆಮ್ತಾ ಇದ್ರೆ ಎದ್ದು ಬನ್ನಿ. ಉಪ್ಪಿದೆ, ರೋಗಾಣು ಸಾಯುತ್ತೆ ಅಂತ ಅವರು ಹೇಳಿದ್ರೆ ನಂಬಬೇಡಿ.

ಬೆಂಗ್ಳೂರು_ವಾಪಸಿ
ಮೂಗಿಗೆ ಉಪ್ಪು ಬೇಕು ಅಂದ್ರೆ ನಾನೀಗ ಮನೇಲೇ ಜಲನೇತಿ ಮಾಡ್ತೀನಿ, ಅಂದ್ರೆ ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸೋದು. ಖರ್ಚು ಸೊನ್ನೆ. ನನ್ನ ಸೀನಿಗೆ ಕೋಣೆಗಿಂತ ಇದೇ ವಾಸಿ.

ನೈಟ್‌ಡ್ಯೂಟಿ_ಸಿಸ್ಟರ್
ಮೂಗಿನ ಅಲರ್ಜಿಗೆ ಅದು ಒಳ್ಳೇದೇ. ಲೀಟರಿಗೆ 9 ಗ್ರಾಂ ಉಪ್ಪು. ಆದ್ರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು, ಬಾವಿ, ಕೆರೆ, ತೊರೆ ನೀರು ನೇರ ಹಾಕಬೇಡಿ. ಪಕ್ಕದ ಕೇರಳದಲ್ಲಿ 2024ರಲ್ಲಿ ಮೂಗಿನಿಂದ ಮೆದುಳಿಗೆ ಹೋಗೋ ಅಮೀಬಾ ಸೋಂಕಿನಿಂದ ಮಕ್ಕಳು ಸತ್ತಿದ್ದು ನೆನಪಿರಲಿ. ಇದು ಮೂಗಿಗೆ. ಎದೆಯ ಉಬ್ಬಸಕ್ಕೆ ಬದಲಿ ಅಲ್ಲ.

ಎಸಿ_ರಿಪೇರಿ_ಕುಶಾಲನಗರ
ಸುಂಟಿಕೊಪ್ಪದ ಅಕ್ಕ, ನಿಮ್ಮತ್ತೆ ಮಲಗೋ ಕೋಣೆ ಹೇಗಿದೆ? ಗೋಡೆಯಲ್ಲಿ ಬೂಷ್ಟು ಇದೆಯಾ?

ಸುಂಟಿಕೊಪ್ಪ_ಸೊಸೆ
ಹಳೇ ಮನೆ ಅಣ್ಣ. ಉತ್ತರದ ಗೋಡೆ ಆಗಸ್ಟ್‌ನಲ್ಲಿ ಹಸಿರು, ಅಕ್ಟೋಬರ್‌ನಲ್ಲಿ ಕಪ್ಪು. ಅತ್ತೆಯದು ಹತ್ತಿ ಹಾಸಿಗೆ, ಮೇಲೆ ಮದುವೆ ಕಾಲದ ಕಂಬಳಿ. ಮಂಚದ ಕೆಳಗೆ ಕಾಳುಮೆಣಸಿನ ಚೀಲ, ಒಂದೆರಡು ಚೀಲ ಕಾಫಿ. ಬೇರೆ ಕಡೆ ಇಟ್ರೆ ಯಾರೋ ಕದೀತಾರೆ ಅಂತ ಅವರಿಗೆ ಸಂಶಯ.

ಎಸಿ_ರಿಪೇರಿ_ಕುಶಾಲನಗರ
ಅಯ್ಯೋ ಮಾರಾಯ್ತಿ! ರೋಗ ಮಂಚದ ಕೆಳಗೇ ಇದೆ, ನೀವು ಮಡಿಕೇರಿಯಲ್ಲಿ ಮದ್ದು ಹುಡುಕ್ತಿದ್ದೀರಿ.

ನೈಟ್‌ಡ್ಯೂಟಿ_ಸಿಸ್ಟರ್
ಹೂಂ, ಇದನ್ನ ಮೊದಲೇ ಕೇಳಬೇಕಿತ್ತು. ಹಸಿ ಕಾಫಿ ಬೀಜದ ಧೂಳಿಗೆ ಉಬ್ಬಸ ಬರೋದು ಕ್ಯೂರಿಂಗ್ ಕೆಲಸದವರಲ್ಲಿ ಗೊತ್ತಿರೋ ವಿಷಯ. ಬೂಷ್ಟು ಇನ್ನೊಂದು. ಹಾಸಿಗೆ ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಇರುತ್ತೆ, ತೇವ ಇದ್ದಲ್ಲಿ ಅದಕ್ಕೆ ಹಬ್ಬ. ಚೀಲ ಇವತ್ತೇ ಆಚೆ ಹಾಕಿಸಿ. ಕಂಬಳಿ ಬದಲಿಸಿ, ಹೊದಿಕೆ ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೀರಿ. ಬಿಸಿಲು ಕಂಡ ದಿನ ಹಾಸಿಗೆ ಅಂಗಳಕ್ಕೆ. ಬೂಷ್ಟು ಕೆರೆಯೋವಾಗ ಅತ್ತೆ ಆ ಕೋಣೇಲಿ ಇರೋದು ಬೇಡ, ನೀವೂ ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ.

ಪಲ್ಪರ್_ಮನೆ
ಆ 15,000ಕ್ಕೆ ಮನೆಗೇ ಒಂದು ಡಿಹ್ಯುಮಿಡಿಫೈಯರ್ ಬರುತ್ತಾ ಅಣ್ಣ?

ಎಸಿ_ರಿಪೇರಿ_ಕುಶಾಲನಗರ
ಒಂದು ಮಲಗೋ ಕೋಣೆಗೆ ಸಾಕಾಗೋ ಸಣ್ಣದು ಬರುತ್ತೆ. ಕಿಟಕಿ ಬಾಗಿಲು ಮುಚ್ಚಿ ಓಡಿಸಬೇಕು, ತೆರೆದಿಟ್ರೆ ಇಡೀ ಕೊಡಗನ್ನೇ ಒಣಗಿಸೋಕೆ ಹೊರಟ ಹಾಗೆ. ತೊಟ್ಟಿ ತುಂಬಿದ ನೀರು ಚೆಲ್ಲೋದು ಮರೀಬೇಡಿ. ಮೊದಲು ಮಾಡಿನ ಹಂಚು, ದಂಬೆ ನೋಡಿಸಿ. ಗೋಡೆಗೆ ನೀರು ಇಳೀತಿದ್ರೆ ಯಾವ ಮೆಷಿನ್ನೂ ಸೋಲುತ್ತೆ.

ಸುಂಟಿಕೊಪ್ಪ_ಸೊಸೆ
ಎದೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಬಂದೆ. ಇಸಿಜಿ ಸರಿ ಇದೆ. ಕೊಳವೆಗೆ ಊದಿಸಿದ್ರು, ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದ್ರು, ಉಬ್ಬಸವೇ ಅಂದ್ರು. ಹೊಸ ಇನ್‌ಹೇಲರ್‌ಗೆ ಉದ್ದದ ಪ್ಲಾಸ್ಟಿಕ್ ಸ್ಪೇಸರ್ ಕೊಟ್ಟಿದ್ದಾರೆ, ತಗೊಂಡ ಮೇಲೆ ಬಾಯಿ ಮುಕ್ಕಳಿಸಬೇಕಂತೆ. ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಾಫಿ ಚೀಲ ಈಗ ನಮ್ಮ ಕೋಣೆಗೆ ಬಂದಿದೆ, ನಮ್ಮನೆಯವರು ಸೀನ್ತಿದ್ದಾರೆ. ನಾದಿನಿ ಫೋನ್ ಮಾಡಿ, ದುಡ್ಡು ಉಳಿಸೋಕೆ ಅಮ್ಮನ್ನ ಉಪ್ಪಿನ ಕೋಣೆಗೆ ಕಳಿಸ್ತಿಲ್ಲ ಅಂದ್ರು.

ಶಾಂತಿ_ಬೇಕು
ಅತ್ತೆನ ಬಿಡಿ, ನೀವೊಬ್ರೇ ಹೋಗಿ ಬನ್ನಿ ಅಕ್ಕ. ಒಂದು ಗಂಟೆ ಯಾರೂ ಕರೀಬಾರದು ಅಂದ್ರಲ್ಲ, ಅದಕ್ಕೆ ಪುರಾವೆ ಯಾರೂ ಕೇಳಲ್ಲ.

ಲೆಕ್ಕದ_ಮೇಷ್ಟ್ರು
ಅದಕ್ಕೆ 1500 ಯಾಕೆ? ರಾಜಾಸೀಟಿನಲ್ಲಿ ಕೂತ್ಕೊಳ್ಳಿ.

ಶಾಂತಿ_ಬೇಕು
ಶನಿವಾರ ರಾಜಾಸೀಟಿಗೆ ಹೋಗಿದ್ದೀರಾ ಮೇಷ್ಟ್ರೇ? ಸೆಲ್ಫಿ ಕೋಲು ಕಣ್ಣಿಗೆ ತಾಗುತ್ತೆ.

ನೈಟ್‌ಡ್ಯೂಟಿ_ಸಿಸ್ಟರ್
ಉಬ್ಬಸ ಇಲ್ಲದವರು ಆರಾಮಕ್ಕೆ ಹೋಗೋದಾದ್ರೆ ನನ್ನ ತಕರಾರಿಲ್ಲ. ಹತ್ತು ಸಲದ್ದು ಮಾತ್ರ ಒಟ್ಟಿಗೆ ಕಟ್ಟಬೇಡಿ.

ಬೆಂಗ್ಳೂರು_ವಾಪಸಿ
ಮಳೆ ನಿಂತು ಡಿಸೆಂಬರ್ ಆಗಲಿ, ಆಗ ಹೋಗಿ. ಕಪ್ಪು ಬಟ್ಟೆ ಬೇಡ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರೆ ತೆಗೆದಿಡಿ, ಕೈಯಲ್ಲಿ ಕೆರೆದ ಗಾಯ ಇದ್ರೆ ಉರಿಯುತ್ತೆ. ಒಳಗೆ ಹೋಗೋಕೆ ಮುಂಚೆ ಗೋಡೆ ಇಟ್ಟಿಗೆಗೆ ಬೆರಳು ಒತ್ತಿ ನೋಡಿ. ಬೆರಳು ಒದ್ದೆಯಾದ್ರೆ ಅಲ್ಲಿಂದಲೇ ವಾಪಸ್ ಬನ್ನಿ, ದುಡ್ಡು ಕೇಳಿ ಇಸ್ಕೊಳ್ಳಿ.